ಕಣ್ಣು ಕೊಟ್ಟವರ ನೆನಪು, ನಮ್ಮ ಪಾಲಿನ ಕೆಲಸ



ನವೆಂಬರ್ ತಿಂಗಳಲ್ಲಿ ನಾವು ಇಗರ್ಜಿಯ ಸಮಾಧಿಸ್ಥಳಕ್ಕೆ ಹೋಗಿ ನಮ್ಮವರ ಸಮಾಧಿಯ ಮೇಲೆ ಮೇಣದ ಬತ್ತಿ ಹಚ್ಚುತ್ತೇವೆ. ಆದರೆ ನಮ್ಮ ಹಿರಿಯರಿಗೆ ಜೀವ ಉಳಿಸಿಕೊಟ್ಟ, ಕಣ್ಣು ಕೊಟ್ಟ ಎಷ್ಟೋ ವೈದ್ಯರ ಸಮಾಧಿ ಅಲ್ಲಿ ಇರುವುದಿಲ್ಲ. ಅವರು ಬೇರೆ ಊರಿನವರು, ಬೇರೆ ಧರ್ಮದವರು. ಅವರನ್ನು ನೆನೆಯುವುದು ಹೇಗೆ?

ಅಂಥವರಲ್ಲಿ ಒಬ್ಬರು ಡಾ. ಎಂ. ಸಿ. ಮೋದಿ. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಈ ನೇತ್ರ ಶಸ್ತ್ರಚಿಕಿತ್ಸಕರು ತೀರಿಕೊಂಡದ್ದು ಇದೇ ತಿಂಗಳಲ್ಲಿ, 2005ರ ನವೆಂಬರ್ 11ರಂದು. 1943ರಿಂದ ಅವರು ಊರೂರಿಗೆ ಹೋಗಿ ಉಚಿತ ಶಿಬಿರಗಳಲ್ಲಿ ಕಣ್ಣಿನ ಪೊರೆ ತೆಗೆದರು. ಸರ್ಕಾರ ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಕೊಟ್ಟಿತು. ಗಿನ್ನೆಸ್ ದಾಖಲೆ ಪುಸ್ತಕದ ಲೆಕ್ಕದಂತೆ, 1993ರ ಫೆಬ್ರವರಿಯವರೆಗೆ ಅವರು ಹೋದ ಹಳ್ಳಿಗಳು 46,120, ಮಾಡಿದ ಶಸ್ತ್ರಚಿಕಿತ್ಸೆಗಳು 6,10,564. ಒಂದೇ ದಿನ 833 ಮಾಡಿದ್ದೂ ಉಂಟು. ಜನರು ಮಾತ್ರ ಈ ಲೆಕ್ಕ ಇಡಲಿಲ್ಲ. ಅವರನ್ನು 'ಕಣ್ಣು ಕೊಟ್ಟ ಅಣ್ಣ' ಎಂದು ಕರೆದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹದಿನಾಲ್ಕು ಗಂಟೆ ಎಂದರೆ 840 ನಿಮಿಷ. ಅಷ್ಟು ಹೊತ್ತು ಬಿಡದೆ ದುಡಿದರೂ 833 ಮಂದಿಯಲ್ಲಿ ಒಬ್ಬೊಬ್ಬರಿಗೆ ಸಿಗುವುದು ಒಂದೇ ನಿಮಿಷ. ಹೆಸರು ಕೇಳಲಿಕ್ಕೂ ಸಾಲದ ಆ ಒಂದು ನಿಮಿಷದಲ್ಲಿ ರೋಗಿಯನ್ನು ಪ್ರೀತಿಸಲು ಸಾಧ್ಯವೇ? ಅದು ಪ್ರೀತಿಯೋ, ಬರೀ ಕೈಚಳಕವೋ?

ಸಂತ ಥಾಮಸ್ ಅಕ್ವಿನಾಸರ ಪ್ರಕಾರ ಪ್ರೀತಿ ಎಂದರೆ ಮೊದಲಾಗಿ ಮನಸ್ಸಿನ ಉಕ್ಕು ಅಲ್ಲ, ಇನ್ನೊಬ್ಬನ ಒಳಿತನ್ನು ಬಯಸುವುದು. ಶಸ್ತ್ರಚಿಕಿತ್ಸಕನ ವಿಷಯದಲ್ಲಿ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಕನಿಕರದಿಂದ ಅವನ ಕೈ ನಡುಗಿದರೆ ರೋಗಿಗೇ ಕೇಡು. ಕೈ ಸ್ಥಿರವಾಗಿರುವುದೇ ಅಲ್ಲಿ ಪ್ರೀತಿ. ಹೆಸರು ಗೊತ್ತಿಲ್ಲದ 833 ಮಂದಿಯ ಒಳಿತಿಗಾಗಿ ದಿನವಿಡೀ ಬೆನ್ನು ಬಗ್ಗಿಸಿದವನಿಗೆ ಪ್ರೀತಿ ಇಲ್ಲವೆಂದು ಹೇಳುವ ಧೈರ್ಯ ನಮಗೆ ಬೇಡ.

ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಮನುಷ್ಯ ಎಂದರೆ ಬರೀ ಒಂದು ಕಣ್ಣಲ್ಲ. ಆ ಕಾಲದ ಶಸ್ತ್ರಚಿಕಿತ್ಸೆಯನ್ನೇ ನೋಡಿ. ಕಣ್ಣಿನೊಳಗಿನ ಮಸೂರವನ್ನು ಪೊರೆಯ ಸಮೇತ ತೆಗೆದುಬಿಡುತ್ತಿದ್ದರು. ರೋಗಿ ಕೆಲವು ದಿನ ಪಟ್ಟಿ ಕಟ್ಟಿಕೊಂಡು ಅಲುಗಾಡದೆ ಮಲಗಬೇಕಿತ್ತು. ಆಮೇಲೆ ಸೋಡಾಬುಡ್ಡಿಯಂಥ ದಪ್ಪ ಕನ್ನಡಕ ಹಾಕಿದರೆ ಮಾತ್ರ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಕನ್ನಡಕ ಒಡೆದರೆ? ಮೊಮ್ಮಗನ ಕೈತಪ್ಪಿ ಬಿದ್ದ ಕನ್ನಡಕಕ್ಕೆ ಹೊಸ ಗಾಜು ಹಾಕಿಸಲು ಮನೆಯವರಿಗೆ ಪುರುಸೊತ್ತಿಲ್ಲದಿದ್ದರೆ ಅಜ್ಜಿ ಪುನಃ ಮಂಜಿನಲ್ಲೇ ಬದುಕಬೇಕು. ವೈದ್ಯರು ಕೊಟ್ಟ ಕಣ್ಣನ್ನು ಮನೆಯವರೇ ಕಿತ್ತುಕೊಂಡಂತಾಯಿತು.

ಬೆತ್ಸಾಯಿದದ ಕುರುಡನ ಘಟನೆ ಮಾರ್ಕನ ಶುಭಸಂದೇಶದ ಎಂಟನೆಯ ಅಧ್ಯಾಯದಲ್ಲಿದೆ. ಯೇಸುಸ್ವಾಮಿ ಅವನ ಕೈಹಿಡಿದು ಊರ ಹೊರಗೆ ಕರೆದೊಯ್ಯುತ್ತಾರೆ. ಮುಟ್ಟಿದ ಮೇಲೆ, ಏನಾದರೂ ಕಾಣುತ್ತದೆಯೇ ಎಂದು ಅವನನ್ನೇ ಕೇಳುತ್ತಾರೆ. ಅವನಿಗೆ ಮನುಷ್ಯರು ನಡೆದಾಡುವ ಮರಗಳಂತೆ ಕಾಣುತ್ತಾರೆ. ಸ್ವಾಮಿ ಅವನನ್ನು ಎರಡನೆಯ ಸಲ ಮುಟ್ಟುತ್ತಾರೆ. ಆಗ ಅವನಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ದೇವಪುತ್ರನೇ ಕೇಳಿ ನೋಡಿ, ಎರಡನೆಯ ಸಲ ಕೈಯಿಟ್ಟರೆ, ಒಂದೇ ಸಲದಲ್ಲಿ ಎಲ್ಲ ಮುಗಿಯಿತೆಂದು ನಾವು ತಿಳಿಯಬಹುದೇ? ಮೊದಲ ಸ್ಪರ್ಶ ವೈದ್ಯರದು, ಎರಡನೆಯದು ನಮ್ಮದು.

ಇಂದು ಕಾಲ ಬದಲಾಗಿದೆ. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಮೊದಲ ಬಾರಿಗೆ ಕಣ್ಣಿನೊಳಗೆ ಕೃತಕ ಮಸೂರ ಇಟ್ಟರು. ಈಗ ನಮ್ಮ ಊರುಗಳಲ್ಲೂ ಅದೇ ರೂಢಿ. ಶಿಬಿರದಲ್ಲಿ ತಪಾಸಣೆ ಮಾಡಿ, ಆಸ್ಪತ್ರೆಯಲ್ಲಿ ಆಪರೇಷನ್ ಮಾಡುತ್ತಾರೆ. ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ. ಆದರೆ ಎರಡನೆಯ ಸ್ಪರ್ಶದ ಅಗತ್ಯ ಕಡಿಮೆಯಾಗಿಲ್ಲ. ಕೆಲವು ವಾರ ದಿನಕ್ಕೆ ಹಲವು ಸಲ ಕಣ್ಣಿಗೆ ಮದ್ದು ಬಿಡಬೇಕು. ನೋವು ಹೆಚ್ಚಿದರೆ, ಕಣ್ಣು ಕೆಂಪಾದರೆ, ದೃಷ್ಟಿ ಮಸುಕಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೆಳ್ತಂಗಡಿಯ ಮಲೆಬದಿಯ ತೋಟದ ಮನೆಯಲ್ಲಿ, ಮಗ ಗಲ್ಫಿನಲ್ಲಿದ್ದು ಮಗಳು ಮುಂಬಯಿಯಲ್ಲಿದ್ದರೆ, ನಡುಗುವ ಕೈಯ ಅಜ್ಜನಿಗೆ ಮದ್ದು ಬಿಡುವವರು ಯಾರು?

ಇನ್ನೊಂದು ಮಾತು. ಬಂಟ್ವಾಳದಲ್ಲಿ ಆಯುಷ್ಯವಿಡೀ ಬೀಡಿ ಕಟ್ಟಿದ ತಾಯಿ, "ನನಗಿನ್ನು ನೋಡಲಿಕ್ಕೆ ಏನುಂಟು ಮಗಾ, ವಯಸ್ಸಾಯಿತು" ಎನ್ನುತ್ತಾಳೆ. ಮಗ ಅದನ್ನು ನಂಬಿ ಸುಮ್ಮನಾಗುತ್ತಾನೆ. ಅಮ್ಮ ಹಾಗೆ ಹೇಳುವುದು ಕಣ್ಣು ಬೇಡವೆಂದಲ್ಲ, ಮಗನ ಒಂದು ದಿನದ ಸಂಬಳ ಹೋಗದಿರಲಿ ಎಂದು. ಅವಳಿಗೆ ನೋಡಲಿಕ್ಕೆ ಮೊಮ್ಮಕ್ಕಳ ಮುಖ ಉಂಟು, ಅನ್ನದಲ್ಲಿ ಕಲ್ಲು ಉಂಟು, ಬಾವಿಕಟ್ಟೆಯ ಪಾಚಿ ಉಂಟು. ವಯಸ್ಸಾದವರ ಕಣ್ಣಿಗೆ ಬೆಲೆ ಕಡಿಮೆ ಎಂದು ಲೆಕ್ಕ ಹಾಕುವ ಮನೆಗೆ ಯಾವ ವೈದ್ಯರು ಬಂದರೂ ಪ್ರಯೋಜನವಿಲ್ಲ.

ಆದ್ದರಿಂದ ಮೂಡುಬಿದಿರೆಯಿರಲಿ, ಬಂಟ್ವಾಳವಿರಲಿ, ಬೆಳ್ತಂಗಡಿಯಿರಲಿ, ಈ ತಿಂಗಳು ನಿಮ್ಮನ್ನು ಗುಣಪಡಿಸಿದ ವೈದ್ಯರೊಬ್ಬರ ಹೆಸರನ್ನು ಮನೆಯ ಪ್ರಾರ್ಥನೆಯಲ್ಲಿ ಹೇಳಿ. ಮರುದಿನ ನೆರೆಮನೆಯ ಅಜ್ಜಿಯ ಬಳಿಗೆ ಹೋಗಿ, ಕಾಣುತ್ತದೆಯೇ ಎಂದು ಕೇಳಿ. ಇಲ್ಲವೆಂದರೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಲು ಒಂದು ದಿನ ಗೊತ್ತುಮಾಡಿಕೊಂಡೇ ಎದ್ದು ಬನ್ನಿ.