ನನ್ನ ಬಾವಿ, ಯಾರ ನೀರು?

ಹಗರಿಯ ಮರಳಿನಲ್ಲಿ ಮೊಳದುದ್ದ ತೋಡಿದರೆ ನೀರು ಜಿನುಗುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಬಾಲ್ಯದಲ್ಲಿ, ಬೇಸಿಗೆಯ ನಸುಕಿನಲ್ಲಿ ತಾಯಿಯೊಡನೆ ಆ ಒರತೆಗೆ ಹೋಗುತ್ತಿದ್ದೆ. ಮೊದಲು ಬರುವ ಕೆಸರನ್ನು ಮೊಗೆದು ಚೆಲ್ಲಿ, ತಿಳಿಯಾಗುವವರೆಗೆ ಕಾಯಬೇಕು. ತಮ್ಮ ಕೊಡ ತುಂಬಿದವರು ಒರತೆಯನ್ನು ಕದಡದೆ ಮುಂದಿನವರಿಗೆ ಬಿಟ್ಟುಬರುವುದು ರೂಢಿ. ಇಂದು ಬರದ ಬೇಸಿಗೆಯಲ್ಲಿ ಅಲ್ಲಿ ಆಳುದ್ದ ತೋಡಿದರೂ ಒಣಮರಳೇ.

ಮಳೆ ನಿಂತ ಮೇಲೂ ನದಿಯನ್ನು ಜೀವಂತವಾಗಿಡುತ್ತಿದ್ದುದು ಅಂತರ್ಜಲ. ಇಕ್ಕೆಲದ ಹೊಲಗಳಲ್ಲಿ ಇಂಗಿದ ಮಳೆ ತಿಂಗಳುಗಟ್ಟಲೆ ಮೆಲ್ಲನೆ ನದೀಪಾತ್ರದತ್ತ ಸರಿಯುತ್ತಿತ್ತು. ಅದರ ಮಟ್ಟ ನದಿಯ ತಳಕ್ಕಿಂತ ಕೆಳಗಿಳಿದರೆ ನೆಲ ನದಿಗೆ ಕೊಡುವುದು ನಿಂತು, ನದಿಯೇ ನೆಲಕ್ಕೆ ಕೊಡಬೇಕಾಗುತ್ತದೆ. ಬರದಲ್ಲಿ ಇಂಗುವುದು ಕಡಿಮೆ, ಎತ್ತುವುದು ಹೆಚ್ಚು. ನಮ್ಮ ರಾಯದುರ್ಗದ ಕಡೆ ಗಟ್ಟಿಕಲ್ಲಿನ ನೆಲ. ಮೇಲಿನ ಸಡಿಲ ಪದರದಲ್ಲಿಯೂ ಬಂಡೆಯ ಬಿರುಕುಗಳಲ್ಲಿಯೂ ಮಾತ್ರ ನೀರು ನಿಲ್ಲುತ್ತದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಅನಂತಪುರ ಸೀಮೆಯಲ್ಲಿ ಆ ಕಣಜ ಬಲು ಚಿಕ್ಕದು.

2003ರ ಬರದಲ್ಲಿ ನಾನೂ ಕೊಳವೆಬಾವಿ ಕೊರೆಸಿದೆ. ನೀರು ಚಿಮ್ಮಿತು, ತೆಂಗಿನಕಾಯಿ ಒಡೆದೆವು. ಎರಡು ತಿಂಗಳಲ್ಲಿ ನೆರೆಹೊಲದ ತೆರೆದ ಬಾವಿ ಬತ್ತಿತು. ಅದರ ಒಡೆಯರು ಎದುರಾದಾಗ, "ಮೇಷ್ಟ್ರೇ, ನಿಮ್ಮ ಬೋರಿಗೆ ನೀರು ಬಿತ್ತಂತೆ, ಒಳ್ಳೆಯದಾಯಿತು" ಎಂದಷ್ಟೇ ನುಡಿದರು. ಮರುವರ್ಷ ಅವರ ಮಕ್ಕಳು ಬೆಂಗಳೂರಿಗೆ ಕೂಲಿಗೆ ಹೋದರು.

ನಾನು ತಪ್ಪು ಮಾಡಿದೆನೆ? ತನ್ನ ಭೂಮಿಯ ಅಡಿಯ ನೀರನ್ನು ಎತ್ತುವ ಹಕ್ಕನ್ನು ಒಡೆಯನಿಗೆ 1882ರ ಅನುಭೋಗ ಹಕ್ಕುಗಳ ಕಾಯಿದೆಯೇ ಒಪ್ಪಿದೆ. 2004ರಿಂದ ಪಂಪಿಗೆ ವಿದ್ಯುತ್ತೂ ಉಚಿತ. ನದಿ ಬತ್ತಲು ಮೇಲಿನ ಅಣೆಕಟ್ಟು ಕಾರಣ, ಮರಳು ತೆಗೆದವರು ಕಾರಣ ಎಂದೂ ವಾದಿಸಬಹುದು. ಅದರಲ್ಲಿ ಸತ್ಯಾಂಶವೂ ಉಂಟು. ಆ ಬಾವಿ ನನ್ನ ಪಂಪಿನಿಂದಲೇ ಬತ್ತಿತೆಂದು ಯಾರೂ ಸಾಧಿಸಲಾರರು. ಅಲ್ಲವೆಂದು ನಾನೂ ಸಾಧಿಸಲಾರೆ. ಸಾವಿರ ಜನ ಕೂಡಿ ಮಾಡಿದ ಹಾನಿಯಲ್ಲಿ ನನ್ನ ಪಾಲು ಕಾಣದಷ್ಟು ಚಿಕ್ಕದು. ಆದರೆ ಕಾಣದ್ದು ಇಲ್ಲದ್ದಲ್ಲ. ಕಾಯಿದೆ ಹೊಲದ ಬದುವಿನಲ್ಲಿ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ನೀರು ಹರಿವಷ್ಟು ದೂರವೂ ನಮ್ಮ ಹೊಣೆ ಹೋಗಬೇಕು.

ಹಾಗೆಂದು ಬೆಳೆ ಒಣಗಿಸಿ ಕುಳಿತುಕೊಳ್ಳಿರೆಂದು ಹೇಳಲು ನನಗೆ ಬಾಯಿಲ್ಲ. ರೈತನಿಗೆ ಬಂದದ್ದು ಆಸೆಯಲ್ಲ, ಭಯ. ಭಯಕ್ಕೆ ಮದ್ದು ಒಡಂಬಡಿಕೆ. ಅಂದಿನ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ, ನಮ್ಮ ಅನಂತಪುರದಲ್ಲಿಯೂ, ರೈತರೇ ಮಳೆಯನ್ನೂ ಬಾವಿಗಳ ಮಟ್ಟವನ್ನೂ ಅಳೆದು, ಇರುವ ನೀರಿಗೆ ತಕ್ಕ ಬೆಳೆ ಆರಿಸಿಕೊಳ್ಳುವ ಪ್ರಯೋಗ ನಡೆದಿತ್ತು. ಅಳತೆ ಎಲ್ಲರ ಕಣ್ಣೆದುರಿಗಿದ್ದರೆ, 'ನಾನು ಬಿಟ್ಟರೆ ಮತ್ತೊಬ್ಬ ಎತ್ತುತ್ತಾನೆ' ಎಂಬ ಮಾತಿನ ಬಲ ಕುಗ್ಗುತ್ತದೆ. ಬರದ ವರ್ಷ ಭತ್ತ ಬಿಟ್ಟು ನವಣೆ ಹಾಕುವುದು, ಒಣಗುವ ನೆರೆಯ ಪೈರಿಗೆ ಒಂದು ತೇವ ಕೊಡುವುದು ದಾನವಲ್ಲ, ಸಾಲದ ತೀರಿಕೆ.

ಆ ನೆರೆಯವರು ಈಗಿಲ್ಲ. ಅವರ ಹಿರಿಯ ಮಗ ಊರಿಗೆ ಮರಳಿದ್ದಾನೆ. ಕಳೆದ ಬೇಸಿಗೆಯಿಂದ ನಮ್ಮ ಪೈಪು ವಾರಕ್ಕೆ ಎರಡು ದಿನ ಅವನ ಹೊಲಕ್ಕೆ ತಿರುಗುತ್ತಿದೆ. ಅವನು ಕೃತಜ್ಞತೆ ಹೇಳಲು ಬಂದಾಗ ನನಗೆ ತಲೆಯೆತ್ತಲಾಗಲಿಲ್ಲ. ಒರತೆಯನ್ನು ಮುಂದಿನವರಿಗೆ ಬಿಟ್ಟುಬರಬೇಕೆಂದು ತಾಯಿ ಕಲಿಸಿದ್ದಳು. ಆ ಪಾಠ ಒಪ್ಪಿಸಲು ನಾನು ಬಹಳ ತಡಮಾಡಿದೆ.