ಬಡವರ ಪಾಲು, ಚಿಗರಿಯ ಪಾಲು



ಶ್ರೀಗ್ರಂಥದಲ್ಲಿ ನಾವು ಸಾಮಾನ್ಯವಾಗಿ ಗಮನಿಸದೆ ದಾಟಿಹೋಗುವ ಒಂದು ಕಟ್ಟಳೆಯಿದೆ. ವಿಮೋಚನಾಕಾಂಡದ 23ನೇ ಅಧ್ಯಾಯದಲ್ಲಿ ದೇವರು ಇಸ್ರಯೇಲರಿಗೆ ಆರು ವರ್ಷ ಹೊಲ ಬಿತ್ತಿ ಬೆಳೆಯಲು ಹೇಳುತ್ತಾರೆ, ಏಳನೆಯ ವರ್ಷ ಅದನ್ನು ಪಡ ಬಿಡಲು ಆಜ್ಞಾಪಿಸುತ್ತಾರೆ. ಆ ವರ್ಷ ತಾನಾಗಿ ಬೆಳೆದದ್ದನ್ನು ಜನರಲ್ಲಿನ ಬಡವರು ಉಣ್ಣಬೇಕು. ಅವರು ಉಳಿಸಿದ್ದನ್ನು ಕಾಡಿನ ಪ್ರಾಣಿಗಳು ತಿನ್ನಬೇಕು. ದೇವರು ಒಂದೇ ಆಜ್ಞೆಯಲ್ಲಿ ಬಡವರನ್ನೂ ಮೃಗಗಳನ್ನೂ ಒಟ್ಟಿಗೆ ನೆನೆದಿದ್ದಾರೆ. ಒಬ್ಬರ ಹೆಸರು ಹೇಳಿ ಇನ್ನೊಬ್ಬರನ್ನು ಹೊರಗಟ್ಟುವ ಅವಕಾಶ ಅಲ್ಲಿಲ್ಲ.

ಈ ಮಾತು ನಮ್ಮ ಬೀದರ್, ಭಾಲ್ಕಿ, ಔರಾದ್ ಸೀಮೆಗೆ ಹೇಗೆ ಅನ್ವಯಿಸುತ್ತದೆ ಎಂದು ಈ ವಾರ ಸ್ವಲ್ಪ ಚಿಂತಿಸೋಣ.

ನಮ್ಮದು ದಟ್ಟ ಕಾಡಿನ ನಾಡಲ್ಲ. ಬೀದರ್ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲೆ. ಭಾಲ್ಕಿ, ಔರಾದ್ ಕಡೆ ಹೆಚ್ಚಾಗಿ ಕಪ್ಪು ಎರೆ ಭೂಮಿ. ನಡುನಡುವೆ ಕಲ್ಲುಮರಡಿ, ಹುಲ್ಲುಬಯಲು, ಊರಿನ ಗಾಯರಾಣ. ಇಂಥ ನೆಲಕ್ಕೆ ಸರ್ಕಾರದ ಕಾಗದಪತ್ರಗಳಲ್ಲಿ ಬಹುಕಾಲದಿಂದ ಇರುವ ಹೆಸರು ‘ಬಂಜರು’. ನಾವೂ ‘ಅಲ್ಲೇನಿದೆ, ಬರೀ ಹುಲ್ಲು’ ಎನ್ನುತ್ತೇವೆ. ಆದರೆ ಆದಿಕಾಂಡದ ಮೊದಲ ಅಧ್ಯಾಯವನ್ನು ಮತ್ತೊಮ್ಮೆ ಓದಿರಿ. ಭೂಮಿಯು ಹಸಿರನ್ನು ಮೊಳೆಯಿಸಿದ್ದು ಮೂರನೆಯ ದಿನ. ಮನುಷ್ಯ ಬಂದದ್ದು ಆರನೆಯ ದಿನ. ಭೂಮಿಯ ಮೇಲಿನ ಪ್ರಾಣಿಪಕ್ಷಿಗಳಿಗೆ ಹಸಿರು ಸಸ್ಯವನ್ನು ಆಹಾರವಾಗಿ ಕೊಟ್ಟವರು ದೇವರೇ. ದೇವರು ಬಡಿಸಿಟ್ಟ ತಟ್ಟೆಯನ್ನು ‘ಖಾಲಿ’ ಎಂದು ಕರೆಯಲು ನಾವು ಯಾರು?

ಬರೀ ಹುಲ್ಲಿನೊಳಗೆ ಏನಿದೆ?

ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಒಬ್ಬ ರೈತರು ಭಾಲ್ಕಿ ತಾಲೂಕಿನ ತಮ್ಮ ಕಲ್ಲುಮರಡಿಯ ಮೂರು ಎಕರೆಯನ್ನು ಕೆಲವು ವರ್ಷಗಳಿಂದ ಉಳದೆ ಬಿಟ್ಟಿದ್ದಾರೆ. ಮಳೆಗಾಲದಲ್ಲಿ ಅಲ್ಲಿಗೆ ದನ ಬಿಡುವುದಿಲ್ಲ. ಬೀಜ ಉದುರಿದ ಮೇಲೆ ಅಕ್ಕಪಕ್ಕದ ಭೂಮಿಯಿಲ್ಲದ ಮನೆಗಳವರು ಮೇವು ಕೊಯ್ದುಕೊಳ್ಳುತ್ತಾರೆ, ಆಡುಗಳನ್ನು ಮೇಯಿಸುತ್ತಾರೆ. ಮಳೆ ಹಿಂದೆ ಸರಿದ ದಿನಗಳಲ್ಲಿ ಧರ್ಮೋಪದೇಶದ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಹೋಗುವಾಗ ‘ಫಾದರ್, ಅಲ್ಲಿ ನೋಡೋಕೆ ಏನಿದೆ?’ ಎಂದು ಕೇಳಿದ ಮಕ್ಕಳು ಮರಳುವಾಗ ಎಣಿಸಿ ಬರೆದುಕೊಂಡಿದ್ದರು: ಗರಿಕೆ, ಕರಡ, ತುಂಬೆ, ಹಳದಿ ಹೂವಿನ ತಂಗಡಿ, ಅಂಚಿನಲ್ಲಿ ಮುತ್ತುಗ, ನೆಲದಲ್ಲೇ ಗೂಡು ಕಟ್ಟುವ ನೆಲಗುಬ್ಬಿ, ಬರಿ ಕಲ್ಲಿನ ನಡುವೆ ಕಲ್ಲಿನ ಬಣ್ಣದ ಮೊಟ್ಟೆಯಿಡುವ ಟಿಟ್ಟಿಭ, ತಂತಿಯ ಮೇಲೆ ಕುಳಿತ ನಮ್ಮ ರಾಜ್ಯಪಕ್ಷಿ ನೀಲಕಂಠ.

ಒಂದು ಹುಡುಗಿಯ ಬಟ್ಟೆಗೆ ಹುಲ್ಲಿನ ಬೀಜ ಚುಚ್ಚಿಕೊಂಡಿತ್ತು. ಅದಕ್ಕೊಂದು ಉದ್ದನೆಯ ಸುರುಳಿ ಬಾಲ. ಅಂಗೈಯಲ್ಲಿಟ್ಟು ಎರಡು ಹನಿ ನೀರು ಹಾಕಿದರೆ ಆ ಬಾಲ ನಿಧಾನವಾಗಿ ಸುರುಳಿ ಬಿಚ್ಚುತ್ತ ತಿರುಗುತ್ತದೆ. ಮಳೆ ಬಿದ್ದಾಗ, ಒಣಗಿದಾಗ ಹೀಗೆ ತಿರುಗುತ್ತಲೇ ಬೀಜ ತನ್ನನ್ನು ತಾನೇ ಮಣ್ಣಿಗೆ ಕೊರೆದುಕೊಂಡು ಇಳಿಯುತ್ತದೆ. ನೆಲಕ್ಕೆ ಬಿದ್ದು ಸಾಯುವ ಕಾಳಿನ ಬಗ್ಗೆ ಪ್ರಭು ಯೇಸು ಹೇಳಿದ ಮಾತನ್ನು ವಿವರಿಸಲು ನನಗೆ ಆ ದಿನ ಬೇರೆ ಪಾಠೋಪಕರಣ ಬೇಕಾಗಲಿಲ್ಲ.

ಹುಲ್ಲಿನ ದೇಹದ ಬಹುಪಾಲು ನೆಲದೊಳಗಿರುತ್ತದೆ. ಆ ಬೇರು ಮಳೆನೀರನ್ನು ಓಡಗೊಡದೆ ಕೆಳಗಿಳಿಸುತ್ತದೆ. ಬೀದರಿನ ಜಂಬಿಟ್ಟಿಗೆ ಆ ನೀರನ್ನು ಹೀರಿ, ಕೆಳಗಿನ ಕರಿಕಲ್ಲಿನ ಮೇಲೆ ಹರಿಸಿ, ಅಂಚಿನಲ್ಲಿ ಒರತೆಯಾಗಿ ಹೊರಬಿಡುತ್ತದೆ. ಗುರುನಾನಕ್ ಝಿರಾ, ಪಾಪನಾಶ, ಝರಣಿ ನರಸಿಂಹ ಎಂದು ಎಲ್ಲ ಧರ್ಮದವರು ಪವಿತ್ರವೆನ್ನುವ ನೀರಿನ ಮೂಲ ಇದೇ. ಬಹಮನಿ ಅರಸರ ಕಾಲದ ನೌಬಾದಿನ ಸುರಂಗ ಕಾಲುವೆಯೂ ಇದೇ ನೀರನ್ನು ನಂಬಿ ತೋಡಿದ್ದು. ಮೇಲಿನ ಹುಲ್ಲನ್ನು ತುಚ್ಛವಾಗಿ ಕಂಡು, ಕೆಳಗಿನ ಒರತೆಗೆ ಕೈಮುಗಿದರೆ ಏನು ಫಲ?

‘ನಮ್ಮ ಬೆಳಿ ಯಾರು ಮಾಡ್ಯಾರ್ರೀ?’

ಹುಲ್ಲುಬಯಲೆಂದರೆ ನಮ್ಮಲ್ಲಿ ಚಿಗರಿಯ ಮನೆ. ಪುಸ್ತಕದಲ್ಲಿ ಕೃಷ್ಣಮೃಗ ಎನ್ನುವ ಈ ಪ್ರಾಣಿ ಮರಿ ಹಾಕಿದ ಮೊದಲ ದಿನಗಳಲ್ಲಿ ಅದನ್ನು ಎತ್ತರದ ಹುಲ್ಲಿನಲ್ಲಿ ಅಡಗಿಸಿ, ತಾಯಿ ದೂರ ಮೇಯುತ್ತದೆ. ಹುಲ್ಲಿಲ್ಲದಿದ್ದರೆ ಮರಿಗೆ ಮರೆಯಿಲ್ಲ, ಬೀದಿನಾಯಿಗಳ ಪಾಲಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಚಿಗರಿಯನ್ನು ಕೊಲ್ಲುವುದನ್ನು ಕಠಿಣ ಅಪರಾಧವೆನ್ನುತ್ತದೆ. ಆದರೆ ಗಾಯರಾಣ ಉತ್ತು ಹೋದ ಮೇಲೆ ಚಿಗರಿ ಎಲ್ಲಿ ಮೇಯಬೇಕು? ಹೆಸರು, ಸೋಯಾ, ಕಡಲೆ ಹೊಲಕ್ಕೇ ನುಗ್ಗುತ್ತದೆ.

ಔರಾದ್ ಕಡೆಯ ಒಬ್ಬ ಹಿರಿಯರು ಪೂಜೆಯ ನಂತರ ನನ್ನನ್ನು ನಿಲ್ಲಿಸಿ ಕೇಳಿದರು: ‘ಫಾದರ್, ಚಿಗರಿ ದೇವರು ಮಾಡ್ಯಾನ, ಹೌದ್ರಿ. ಖರೇ ನಮ್ಮ ಹೆಸರಿನ ಬೆಳಿ ಯಾರು ಮಾಡ್ಯಾರ್ರೀ?’ ಈ ಪ್ರಶ್ನೆಯನ್ನು ನಗುತ್ತ ತಳ್ಳಿಹಾಕುವಂತಿಲ್ಲ. ಎರಡು ಎಕರೆಯ ರೈತನಿಗೆ ಒಂದು ರಾತ್ರಿಯ ನಷ್ಟವೆಂದರೆ ಮಗಳ ಕಾಲೇಜಿನ ಶುಲ್ಕ. ಪ್ರಕೃತಿಪ್ರೇಮದ ಬೆಲೆಯನ್ನು ಬಡವನೊಬ್ಬನೇ ತೆರಬೇಕೆಂದು ಬೋಧಿಸುವುದು ಶುಭಸಂದೇಶವಲ್ಲ.

ಆ ಹಿರಿಯರಿಗೆ ಉತ್ತರ ಏಳನೆಯ ವರ್ಷದ ಆಜ್ಞೆಯಲ್ಲೇ ಇದೆ. ಅಲ್ಲಿ ಮೊದಲ ತುತ್ತು ಬಡವರದು, ನಂತರದ್ದು ಮೃಗದ್ದು. ಇಬ್ಬರೂ ಉಣ್ಣಲು ಬೇಕಾದದ್ದು ಒಂದೇ: ಯಾರೋ ಒಬ್ಬ ಉಳ್ಳವನು ತನ್ನ ಕೈಯನ್ನು ಹಿಂದೆಗೆಯುವುದು. ಚಿಗರಿ ಬಡವನ ಬೆಳೆಗೆ ಬರುವುದು ಹೆಚ್ಚಾಗಿ ಅದರ ಹುಲ್ಲನ್ನು ಬೇರೆ ಯಾರೋ ನುಂಗಿದ್ದರಿಂದ. ಗಾಯರಾಣ ಒತ್ತುವರಿಯಾದಾಗ ಚಿಗರಿಯಂತೆಯೇ ಆಡು ಸಾಕಿದ ವಿಧವೆಯೂ ಮೇವು ಕಳೆದುಕೊಳ್ಳುತ್ತಾಳೆ. ಅವರಿಬ್ಬರ ನಡುವೆ ಜಗಳ ಹಚ್ಚಿದವರು ನಾವು. ಹಾಗೆಯೇ, ಹುಲ್ಲು ಉಳಿಸುತ್ತೇವೆಂದು ಬೇಲಿ ಹಾಕಿ ಆಡು ಕಾಯುವವಳನ್ನು ಶಾಶ್ವತವಾಗಿ ಹೊರಗಿಟ್ಟರೆ ಆಜ್ಞೆಯ ಅರ್ಧವನ್ನು ಮಾತ್ರ ಪಾಲಿಸಿದಂತೆ.

ಕೆಡಿಸುವುದು ಒಂದು ದಿನ, ಕಟ್ಟುವುದು ಒಂದು ಜೀವಮಾನ

ಒಳ್ಳೆಯ ಮನಸ್ಸಿನಿಂದಲೂ ಹುಲ್ಲು ಹಾಳಾಗುತ್ತದೆ. ರಾಣೆಬೆನ್ನೂರಿನಲ್ಲಿ ಚಿಗರಿಗಾಗಿ 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವಾಯಿತು. ಆದರೆ ಅಲ್ಲಿನ ಬಯಲಿನ ದೊಡ್ಡ ಭಾಗದಲ್ಲಿ ನೀಲಗಿರಿ ಮರ ಬೆಳೆಸಲಾಗಿತ್ತು. ಬಯಲನ್ನೇ ನಂಬಿದ್ದ ಎರೆಭೂತ ಹಕ್ಕಿ ಅಲ್ಲಿಂದ ಕಣ್ಮರೆಯಾಯಿತು. ಮರ ನೆಡುವುದು ಪುಣ್ಯವೇ. ಆದರೆ ಎಲ್ಲಿ ಎಂದು ಕೇಳುವ ವಿವೇಕವೂ ಪವಿತ್ರಾತ್ಮರ ವರವೇ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 1930ರ ದಶಕದಲ್ಲಿ ಸವೆದುಹೋದ ಹೊಲವೊಂದನ್ನು ಮತ್ತೆ ಹುಲ್ಲುಗಾವಲು ಮಾಡಲು ಹೊರಟರು. ಸುಮಾರು 90 ವರ್ಷ ಕಳೆದರೂ ಹೊರಗಿನ ಕಳೆ ತೆಗೆಯುವ ಕೆಲಸ ಅಲ್ಲಿ ಮುಗಿದಿಲ್ಲ. ಪಾಪನಿವೇದನೆಯ ಬಗ್ಗೆ ನಾವು ಕಲಿತದ್ದೂ ಇದೇ ಅಲ್ಲವೇ? ಕ್ಷಮೆ ಒಂದು ಕ್ಷಣದಲ್ಲಿ ದೊರೆಯುತ್ತದೆ. ಕೆಡಿಸಿದ್ದನ್ನು ಸರಿಪಡಿಸುವ ಪ್ರಾಯಶ್ಚಿತ್ತ ತಾಳ್ಮೆಯಿಂದ ಸಾಗಬೇಕು.

ಒಂದೇ ಸೃಷ್ಟಿಯಿಂದ ದೇವರ ಒಳ್ಳೆಯತನವನ್ನು ಪೂರ್ಣವಾಗಿ ತೋರಿಸಲಾಗದು, ಆದ್ದರಿಂದಲೇ ಅವರು ಬಗೆಬಗೆಯ ಜೀವಿಗಳನ್ನು ಸೃಷ್ಟಿಸಿದರು ಎಂದು ಸಂತ ತೋಮಾಸ್ ಅಕ್ವಿನಾಸರು ಬೋಧಿಸಿದ್ದಾರೆ. ಒಂದು ಜೀವಿ ಅಳಿದರೆ ದೇವರ ಬಗ್ಗೆ ಹೇಳುವ ಒಂದು ಮಾತು ಲೋಕದಿಂದ ಅಳಿದಂತೆ. ಅಸ್ಸಿಸಿಯ ಸಂತ ಫ್ರಾನ್ಸಿಸರು ಮಠದ ತೋಟದ ಒಂದು ಭಾಗವನ್ನು ಮುಟ್ಟದೆ ಬಿಡಿ, ಕಾಡುಹೂಗಳು ಬೆಳೆಯಲಿ ಎಂದು ಸಹೋದರರಿಗೆ ಹೇಳುತ್ತಿದ್ದುದನ್ನು ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೋ ಸಿ’ ಪರಿಪತ್ರದಲ್ಲಿ ನೆನಪಿಸಿದ್ದಾರೆ.

ನಮ್ಮ ಕುಟುಂಬಗಳು ಏನು ಮಾಡಬಹುದು? ಮಳೆ ಮುಗಿದ ಮೇಲೆ ಒಂದು ಬೆಳಿಗ್ಗೆ ಮಕ್ಕಳೊಂದಿಗೆ ಊರ ಹೊರಗಿನ ಹುಲ್ಲಿಗೆ ಹೋಗಿ, ಮೌನವಾಗಿ ಒಂದು ಗಂಟೆ ಕುಳಿತುಬನ್ನಿ. ನವೆಂಬರ್ 2ಕ್ಕೆ ಸಮಾಧಿಭೂಮಿ ಸ್ವಚ್ಛಮಾಡುವಾಗ ಸಮಾಧಿಗಳ ಸುತ್ತ ಕತ್ತರಿಸಿ, ಒಂದು ಮೂಲೆಯನ್ನು ಬೀಜ ಉದುರುವವರೆಗೆ ಬಿಡಿ; ವಿಷ ಸಿಂಪಡಿಸಬೇಡಿ. ಗ್ರಾಮಸಭೆಯಲ್ಲಿ ಗಾಯರಾಣದ ಮಾತು ಬಂದರೆ ಮೌನವಾಗಿರಬೇಡಿ. ಬೆಳೆ ಕಳೆದುಕೊಂಡ ನೆರೆಯವರು ಯಾವ ಧರ್ಮದವರಾದರೂ ಸರಿ, ಅರ್ಜಿ ಬರೆಯಲು, ಕಚೇರಿಗೆ ಅಲೆಯಲು ಜೊತೆಗೆ ಹೋಗಿ.

ಐದು ಸಾವಿರ ಜನರಿಗೆ ಉಣಬಡಿಸುವ ಮುನ್ನ ಪ್ರಭು ಅವರನ್ನು ಹಸಿರು ಹುಲ್ಲಿನ ಮೇಲೆ ಕೂರಿಸಿದರೆಂದು ಮಾರ್ಕನು ಬರೆಯುತ್ತಾನೆ. ಅಲ್ಲಿ ಹುಲ್ಲು ಬೇಕಾದಷ್ಟಿತ್ತೆಂದು ಯೊವಾನ್ನನು ಬರೆಯುತ್ತಾನೆ. ಅಂದು ಎಲ್ಲರೂ ಉಂಡರು, ಮೇಲೆ ಹನ್ನೆರಡು ಬುಟ್ಟಿ ಉಳಿಯಿತು.

ಪ್ರಾರ್ಥಿಸೋಣ: ಸೃಷ್ಟಿಕರ್ತರಾದ ತಂದೆಯೇ, ನಮ್ಮ ಬಯಲುಗಳನ್ನು ಹರಸಿರಿ. ಸಾಕು ಎನ್ನುವ ಮನಸ್ಸನ್ನು ಉಳ್ಳವರಿಗೆ ಕೊಡಿರಿ. ಬಡವರ ಹೊಲವನ್ನು ಕಾಯಿರಿ. ಹುಲ್ಲಿನಲ್ಲಿ ಅಡಗಿದ ಮರಿಯನ್ನೂ ಕಾಯಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ. ಆಮೆನ್.