ಹೊರಗಿನ ಲೋಟ

ಹಳೆಯ ಗಾಜಿನ ಲೋಟಗಳನ್ನು ಕೂಡಿಡುವುದು ನನ್ನದೊಂದು ಹುಚ್ಚು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅವರ ಸಾಹಸದ ಮುಂದೆ ನನ್ನ ನಲವತ್ತು ಲೋಟಗಳು ಯಾವ ಲೆಕ್ಕ! ಆದರೂ ಕುಂದಾಪುರದ ಗುಜರಿ ಅಂಗಡಿಯಲ್ಲೊ, ಬ್ರಹ್ಮಾವರದಲ್ಲಿ ಬಾಗಿಲು ಹಾಕಿದ ಚಹದಂಗಡಿಯಲ್ಲೊ, ತಳದಲ್ಲಿ ‘ಯೇರಾ’ ಎಂದು ಅಚ್ಚೊತ್ತಿದ ಬರೋಡದ ಲೋಟವೊಂದು ಕಂಡರೆ, ಮೈಯೊಳಗೆ ಗುಳ್ಳೆ ತುಂಬಿಕೊಂಡ ಫಿರೋಜಾಬಾದಿನದೊಂದು ಸಿಕ್ಕರೆ, ಆ ದಿನದ ಊಟಕ್ಕೇ ಬೇರೆ ರುಚಿ.

ಹೋದ ವರ್ಷ ಬೈಂದೂರಿನ ಕಡೆಯ ಹಳೆಯ ಮನೆಯೊಂದರಲ್ಲಿ ಇನ್ನೊಂದು ಸಿಕ್ಕಿತು. ಒಳಗಲ್ಲ, ಅಂಗಳದಾಚೆ, ಹಟ್ಟಿಯ ಮಾಡಿನ ಸಂದಿಯಲ್ಲಿ. ಹಸುರು ಛಾಯೆ, ಮೈತುಂಬ ಗೀರು. ಮನೆಯ ಹಿರಿಯಮ್ಮ, “ನನ್ ಮದಿ ಆದ್ ವರ್ಷ ತಂದದ್ದ್. ಒಡೀಲಿಲ್ಲ ಅಂದೇಳಿ ಅಲ್ಲೇ ಇತ್ತ್. ಬೇಕಾರೆ ತಕಣಿ” ಎಂದರು. ಮದುವೆಯಾದದ್ದು 1958ರಲ್ಲಂತೆ. ತಂದೆ, ತೊಳೆದೆ, ಕಪಾಟಿನ ನಡುವೆ ಇಟ್ಟೆ.

ಪುಸ್ತಕ ಕೇಳಲು ಬಂದ ವಿದ್ಯಾರ್ಥಿಯೊಬ್ಬ ಅದನ್ನು ಬೆಳಕಿಗೆ ಹಿಡಿದು ನೋಡಿ, “ಸರ್, ಇದು ಒಳಗಿನದ್ದೊ, ಹೊರಗಿನದ್ದೊ?” ಎಂದ. ಮಾತಿನಲ್ಲಿ ಕೊಂಕಿರಲಿಲ್ಲ. ಅವನ ಅಜ್ಜನಿಗೆ ಗದ್ದೆಯ ಒಡೆಯರ ಮನೆಯಲ್ಲಿ ಇಂಥದೇ ಒಂದು ಲೋಟ ಇತ್ತಂತೆ; ಕುಡಿದು, ತಾನೇ ತೊಳೆದು, ಮತ್ತೆ ಮಾಡಿಗೆ ಸಿಕ್ಕಿಸಬೇಕಿತ್ತಂತೆ.

ನಮ್ಮ ಮನೆಯಲ್ಲೂ ಇತ್ತು. ಹುಡುಗನಾಗಿದ್ದಾಗ ಅದಕ್ಕೆ ಎತ್ತರದಿಂದ ನೀರು ಹೊಯ್ದವನು ನಾನೇ.

ಕಂಚು ಹಿತ್ತಾಳೆಗಳನ್ನು ಹುಣಿಸೆಹಣ್ಣು ಬೂದಿಗಳಿಂದ ತಿಕ್ಕಿದರೆ ಶುದ್ಧ; ಮಣ್ಣಿನದನ್ನು ಬಿಸಾಡಿದರಾಯಿತು. ಈ ಎರಡು ಲೆಕ್ಕಕ್ಕೂ ಸೇರದ ಗಾಜು ಮಡಿಯವರ ಅಡಿಗೆಮನೆಯಿಂದ ಹೊರಗುಳಿಯಿತು. ಎಂಜಲನ್ನು ಹೀರದ, ತೊಳೆದರೆ ಕಲೆಯೂ ಉಳಿಯದ ವಸ್ತುವನ್ನೇ ನಾವು ಮೈಲಿಗೆಯ ಪಾತ್ರೆ ಮಾಡಿದೆವು! ಸಂವಿಧಾನದ 17ನೆಯ ವಿಧಿ 1950ರಲ್ಲೇ ಅಸ್ಪೃಶ್ಯತೆಯನ್ನು ರದ್ದುಪಡಿಸಿತ್ತು. 1955ರ ಕಾಯಿದೆಯಂತೂ ಹೋಟೆಲುಗಳ ಪಾತ್ರೆಗಳನ್ನು ಹೆಸರು ಹಿಡಿದೇ ಹೇಳಿತು. ಅದಾಗಿ ಮೂರು ವರ್ಷಕ್ಕೆ ಪೇಟೆಯಿಂದ ಬಂದ ಹೊಸ ಲೋಟ ನೇರವಾಗಿ ಹಟ್ಟಿಯ ಮಾಡಿಗೆ ಹೋಯಿತು.

ಈಗ ಇದನ್ನು ಏನು ಮಾಡಲಿ? ಒಡೆದರೆ ಸಾಕ್ಷಿ ಹೋಯಿತು. ಮರೆಯಬೇಕೆಂದಿರುವವರಿಗೆ ಅದು ಅನುಕೂಲವೇ. ಚೆಂದವೆಂದು ಇಟ್ಟುಕೊಂಡರೆ ಅವಮಾನಕ್ಕೆ ಅಲಂಕಾರ ಮಾಡಿದಂತೆ. “ಅದರಲ್ಲಿ ನೀವೇ ಚಹ ಕುಡಿಯಿರಿ, ಪ್ರಾಯಶ್ಚಿತ್ತವಾಯಿತು” ಎಂದರು ಸ್ನೇಹಿತರೊಬ್ಬರು. ಬೇರೆ ನಲವತ್ತು ಲೋಟ ಇರುವವನು ಇದರಲ್ಲಿ ಕುಡಿಯುವುದು ಬರಿಯ ನಾಟಕ. ಇದೊಂದೇ ಇದ್ದವನ ಬಾಯಾರಿಕೆ ಅದರಿಂದ ತಿಳಿಯದು. ಧೂಳಿನೊಡನೆ ಅದರ ಕಥೆಯನ್ನೂ ತೊಳೆದು ಇಟ್ಟದ್ದು ನನ್ನ ತಪ್ಪೆಂದು ಈಗ ತೋರುತ್ತದೆ.

ನಿನ್ನೆ ರಾತ್ರಿ ಒಂದು ಚೀಟಿ ಬರೆಯಲು ಕುಳಿತೆ. ಊರು, ವರ್ಷ, ಇಟ್ಟಿದ್ದ ಜಾಗ ಬರೆದಾಯಿತು. ಯಾರು ಕುಡಿಯುತ್ತಿದ್ದರು ಎಂಬಲ್ಲಿ ಪೆನ್ನು ನಿಂತಿತು. ಹಿರಿಯಮ್ಮನಲ್ಲಿ ಆ ಹೆಸರನ್ನು ನಾನು ಕೇಳಿರಲೇ ಇಲ್ಲ. ಭಾನುವಾರ ಬೈಂದೂರಿಗೆ ಹೋಗಿಬರಬೇಕು.